ಕವುಚಿ ಇಟ್ಟ ಸ್ಟ್ರಿಪ್ಪು

ನಾನು ನಿಂತದ್ದು ಕೌಂಟರಿನ ಎಡತುದಿಯಲ್ಲಿ, ಫ್ರಿಜ್ಜಿಗೆ ಬೆನ್ನು ಹಾಕಿ. ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಕಡಿಮೆ. ಹನ್ನೊಂದಕ್ಕೆ ಫ್ರಿಜ್ಜಿನ ಉಷ್ಣತೆ ನೋಡಿ ಬರೆದಿಡುವ ಕೆಲಸ ನನ್ನದಾಗಿತ್ತು, ಪೆನ್ನು ಆಗಲೇ ಕೈಯಲ್ಲಿತ್ತು. ಆದ್ದರಿಂದ ಸಮಯದ ಬಗ್ಗೆ ನನಗೆ ಅನುಮಾನವಿಲ್ಲ. ನನ್ನಿಂದ ನಾಲ್ಕು ಹೆಜ್ಜೆ ಬಲಕ್ಕೆ ಸುಮಯ್ಯಾ ನಿಂತಿದ್ದಳು. ಅವಳು ನಮ್ಮ ಅಂಗಡಿಗೆ ಹೊಸದಾಗಿ ಬಂದ ಫಾರ್ಮಾಸಿಸ್ಟ್. ಅವಳೆದುರು, ಗಾಜಿನ ಆಚೆ, ಮುಟ್ಟಳ್ಳಿಯ ಮಾದೇವಿ. ಮಾದೇವಿಯ ಹಿಂದೆ ಮೆಟ್ಟಿಲ ಮೇಲೆ ಅವಳ ನಾದಿನಿ ಸಾವಿತ್ರಿ, ಕಾಲ ಬಳಿ ಖಾಲಿ ಹೂವಿನ ಬುಟ್ಟಿ.

ಸುಮಯ್ಯಾ ಒಂದು ಪ್ರಶ್ನೆ ಕೇಳಿದಳು. ಮಾದೇವಿ ಉತ್ತರ ಹೇಳತೊಡಗಿದಳು. ನಾನು ತಡೆದೆ. ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಭಟ್ಕಳದ ಒಂದೇ ಮೆಡಿಕಲ್ಲಿನಲ್ಲಿ ಮೂವತ್ತೊಂದು ವರ್ಷ ನಿಂತು ಕೆಲಸ ಮಾಡಿ, ಈಗ ಕುಮಟೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಅನುಭವ ಹೇಳಿ ಎಂದು ಕೇಳುತ್ತಾರೆ. ಹೇಳಲು ಬೇಕಾದಷ್ಟಿದೆ. ಆದರೆ ಆ ಅರ್ಧ ನಿಮಿಷವನ್ನು ಬಿಟ್ಟು ಏನು ಹೇಳಿದರೂ ಅದು ಪೂರ್ತಿ ನಿಜವಾಗುವುದಿಲ್ಲ. ಅದು ಅರ್ಥವಾಗಲು ನಮ್ಮ ಅಂಗಡಿಯ ಒಂದು ಪದ್ಧತಿಯಿಂದ ಶುರು ಮಾಡಬೇಕು.

ಹೆಂಗಸರು ಮುಟ್ಟಿಗೆ ಸಂಬಂಧಿಸಿದ ಔಷಧಿಯನ್ನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಗುಳಿಗೆಯ ಹಳೆಯ ಖಾಲಿ ಸ್ಟ್ರಿಪ್ಪನ್ನು ತಂದು ಕೌಂಟರಿನ ಗಾಜಿನ ಮೇಲೆ ಕವುಚಿ ಇಡುತ್ತಿದ್ದರು, ಹೆಸರಿರುವ ಬದಿ ಕೆಳಗೆ. ಬುರ್ಖಾ ತೊಟ್ಟವರೂ ಹಾಗೆಯೇ, ಮೀನು ಬುಟ್ಟಿ ಹೊತ್ತವರೂ ಹಾಗೆಯೇ, ಶಾಲೆಯ ಟೀಚರುಗಳೂ ಹಾಗೆಯೇ. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರಿದಾಗಲೇ ಇತ್ತು. ಕವುಚಿ ಇಟ್ಟದ್ದು ಕಂಡರೆ ನಾನು ಮಾತಾಡದೆ ಎತ್ತಿಕೊಂಡು ಹಿಂದಿನ ಕಪಾಟಿನ ಮರೆಗೆ ಹೋಗುವುದು, ಅಲ್ಲಿ ತಿರುಗಿಸಿ ಹೆಸರು ಓದುವುದು, ಹೊಸದನ್ನು ಪತ್ರಿಕೆಯ ಕಾಗದದಲ್ಲಿ ಸುತ್ತಿ ತಂದು ಕೊಡುವುದು. ತಲೆನೋವು, ಜ್ವರ, ಗ್ಯಾಸು ಇವೆಲ್ಲದರ ಸ್ಟ್ರಿಪ್ಪು ಮಾತ್ರ ಮುಖ ಮೇಲೆ ಮಾಡಿಯೇ ಬರುತ್ತಿತ್ತು.

ನಮ್ಮ ಮಾಲೀಕರು ಇಸ್ಮಾಯಿಲ್ ಸಾಹೇಬರು. ಸೇರಿದ ಮೊದಲ ವಾರ ಒಬ್ಬ ಹೆಂಗಸಿಗೆ ನಾನು, "ಇದು ಹೊಟ್ಟೆನೋವಿಗಾ, ಹೆಚ್ಚು ಹೋಗ್ತದೆ ಅಂತಲಾ?" ಎಂದು ಗಟ್ಟಿಯಾಗಿ ಕೇಳಿಬಿಟ್ಟೆ. ಅವಳು ಸ್ಟ್ರಿಪ್ಪನ್ನು ಅಲ್ಲೇ ಬಿಟ್ಟು ಇಳಿದು ಹೋದಳು. ಸಾಹೇಬರು ನನ್ನನ್ನು ಒಳಗೆ ಕರೆದರು.

"ನಾಯ್ಕ, ಹೆಂಗಸರ ದವಾಕ್ಕೆ ಕೈ ಸಾಕು. ಬಾಯಿ ಬೇಡ. ತಿಳೀತಾ?"

"ಆತು ಸಾಹೇಬ್ರೆ."

ಅವರು ಕೆಟ್ಟ ಮನುಷ್ಯರಲ್ಲ. ಎಷ್ಟೋ ಮಂದಿಗೆ ಔಷಧಿ ಸುಮ್ಮನೆ ಕೊಟ್ಟಿದ್ದಾರೆ. ಅವರ ಮಾತಿನಲ್ಲಿ ಮರ್ಯಾದೆಯೂ ಇತ್ತು, ಗಿರಾಕಿ ಪಕ್ಕದ ಅಂಗಡಿಗೆ ಹೋಗದಿರಲಿ ಎಂಬ ಲೆಕ್ಕವೂ ಇತ್ತು. ನಾನು ಆ ಪಾಠವನ್ನು ಅವರಿಗಿಂತ ಚೆನ್ನಾಗಿ ಕಲಿತೆ. 'ನಾಯ್ಕರು ಏನೂ ಕೇಳುವುದಿಲ್ಲ, ಕೊಡುತ್ತಾರೆ' ಎಂದು ಮುರ್ಡೇಶ್ವರದಿಂದಲೂ ಹೆಂಗಸರು ನಮ್ಮ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು. ಅದು ನನಗೆ ಹೆಮ್ಮೆಯಾಗಿತ್ತು.

ಕೇಳದೆ ಕೊಡುವುದರಿಂದ ನಗುವಂಥ ತಪ್ಪುಗಳೂ ಆಗುತ್ತಿದ್ದವು. ಒಮ್ಮೆ ಒಬ್ಬ ಗಂಡಸು ಬಂದು ಅತ್ತಿತ್ತ ನೋಡಿ, "ನಾಳೆ ಇಡಗುಂಜಿ ದೇವಸ್ಥಾನಕ್ಕೆ ಹೊರಟದ್ದು ನಾವು. ಹೆಂಡ್ತಿಗೆ ಒಂದು ಗುಳಿಗೆ ಬೇಕು, ದಾರಿಯಲ್ಲಿ ತೊಂದ್ರೆ ಆಗ್ಬಾರ್ದು" ಎಂದ. ನಾನು ಕಣ್ಣಲ್ಲೇ ಅರ್ಥವಾಯಿತೆಂದು ಹೇಳಿ ಬಸ್ಸಿನಲ್ಲಿ ವಾಂತಿಯಾಗದ ಗುಳಿಗೆ ಕಟ್ಟಿಕೊಟ್ಟೆ. ಅವನು ಕೇಳಿದ್ದು ಮುಟ್ಟನ್ನು ನಾಲ್ಕು ದಿನ ಮುಂದೆ ಹಾಕುವ ಗುಳಿಗೆ. ಎರಡು ದಿನ ಬಿಟ್ಟು ಹೆಂಡತಿಯೇ ಬಂದಳು.

"ನಾಯ್ಕರೆ, ನಿಮ್ಮ ಗುಳಿಗೆ ಬಹಳ ಚಲೋ. ವಾಂತಿ ಬರ್ಲೇ ಇಲ್ಲ. ಬರ್ಬಾರದ್ದು ಬಂತು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಒಂದು ಮಾತು ಕೇಳಿದ್ದರೆ ಆಗದ ತಪ್ಪು ಅದು ಎಂದು ಅಂದು ನನಗೆ ಹೊಳೆಯಲಿಲ್ಲ.

ಮುಟ್ಟು ಮುಂದೆ ಹಾಕುವ ಆ ಗುಳಿಗೆಯನ್ನು ನಾನು ಎಷ್ಟು ಕೊಟ್ಟಿದ್ದೇನೋ. ನವರಾತ್ರಿಗೆ, ಮದುವೆಗೆ, ಗೃಹಪ್ರವೇಶಕ್ಕೆ. ಒಬ್ಬ ಟೀಚರ್ ನಲವತ್ತಾರನೆಯ ವಯಸ್ಸಿನಲ್ಲಿ ಒಂದೇ ವರ್ಷದಲ್ಲಿ ಐದು ಸಲ ತೆಗೆದುಕೊಂಡರು. ನಡುನಡುವೆ ಹದಿನೈದು ದಿನ ರಕ್ತ ಹೋಗುತ್ತಿತ್ತಂತೆ. ಅವರು ಅದನ್ನು ಆಗ ಯಾರಿಗೂ ಹೇಳಲಿಲ್ಲ, ನಾನು ಕೇಳಲಿಲ್ಲ. ಮುಟ್ಟು ನಿಲ್ಲುವ ಮೊದಲಿನ ನಾಲ್ಕಾರು ವರ್ಷ ಎಲ್ಲ ಏರುಪೇರಾಗುತ್ತದೆ, ಆ ವಯಸ್ಸಿನಲ್ಲಿ ಹಾಗೆ ಹೋದರೆ ಪರೀಕ್ಷೆ ಮಾಡಿಸಲೇಬೇಕು ಎಂಬುದು ನಾನು ಪುಸ್ತಕದಲ್ಲಿ ಓದಿದ್ದೇ. ಕೌಂಟರಿಗೆ ಬಂದ ಮೇಲೆ ಅದು ನೆನಪಾಗುತ್ತಿರಲಿಲ್ಲ.

ಈಗ ಮಾದೇವಿಯ ವಿಷಯ.

ಮುಟ್ಟಳ್ಳಿಯಲ್ಲಿ ಅವಳ ಮನೆ. ಅಂಗಳದಲ್ಲಿ ಮಲ್ಲಿಗೆ. ಗಂಡ ಮುರ್ಡೇಶ್ವರದ ಬೋಟಿಗೆ ಹೋಗುತ್ತಿದ್ದ, ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಹೂವಿನಿಂದ. ಬೆಳಗಿನ ಜಾವ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹತ್ತೂವರೆಯ ಬಸ್ಸಿಗೆ ಬುಟ್ಟಿ ಹಾಕಿ, ಹಿಂದಿನ ದಿನದ ಖಾಲಿ ಬುಟ್ಟಿ ತೆಗೆದುಕೊಂಡು ನಮ್ಮ ಅಂಗಡಿಗೆ ಬರುತ್ತಿದ್ದಳು. ಅವಳು ಹೂವು ಕಟ್ಟುವುದನ್ನು ನಾನು ಒಮ್ಮೆ ನೋಡಿದ್ದೇನೆ. ಬಸ್ಸು ತಡವಾದ ದಿನ ನಮ್ಮ ಮೆಟ್ಟಿಲ ಮೇಲೆ ಕೂತು ಉಳಿದ ಮೊಗ್ಗು ಕಟ್ಟುತ್ತಿದ್ದಳು. ಸಾವಿತ್ರಿಯ ಜೊತೆ ಮಾತಾಡುತ್ತಲೇ ಇದ್ದಳು, ಕೈಯ ಕಡೆ ನೋಡಲಿಲ್ಲ. ಬಲಗೈಯ ಎರಡು ಬೆರಳು ಹೇಗೆ ಓಡುತ್ತಿದ್ದವೆಂದರೆ ಗಂಟು ಬಿದ್ದದ್ದು ಕಾಣುತ್ತಿರಲಿಲ್ಲ, ಕಟ್ಟಿದ ಹೂವು ಮಾತ್ರ ಉದ್ದವಾಗುತ್ತಿತ್ತು.

ಅವಳು ಮೊದಲಿಂದಲೂ ತಲೆನೋವಿನ ಗಿರಾಕಿ. ಅರ್ಧ ತಲೆ ಸಿಡಿಯುತ್ತದೆ, ಬೆಳಕು ಆಗುವುದಿಲ್ಲ, ವಾಂತಿಯಾಗುತ್ತದೆ ಎನ್ನುತ್ತಿದ್ದಳು. ಮೈಗ್ರೇನ್ ಎಂದು ಯಾರೂ ಹೆಸರಿಟ್ಟಿರಲಿಲ್ಲ, ಏಕೆಂದರೆ ಅದಕ್ಕಾಗಿ ಅವಳು ಡಾಕ್ಟರ ಹತ್ತಿರ ಹೋದವಳೇ ಅಲ್ಲ. ಗುಳಿಗೆ ನಮ್ಮಲ್ಲೇ ಸಿಗುತ್ತಿತ್ತು.

"ಮಲ್ಲಿಗೆ ವಾಸನೆಗೇ ಹೀಗಾಗೂದಾ ಎಂತ?" ಎಂದು ನಾನು ಒಮ್ಮೆ ತಮಾಷೆಗೆ ಕೇಳಿದ್ದೆ.

"ಆಗೂದೇಯ. ಅದ್ರ ಸಂಗ್ತಿ ಇರುಕೂ ಆಗುದಿಲ್ಲ, ಬಿಡುಕೂ ಆಗುದಿಲ್ಲ. ಗಂಡನ ಹಾಗೆ" ಎಂದಳು.

ನಲವತ್ತೈದು ದಾಟಿದ ಮೇಲೆ ಅವಳ ಮುಟ್ಟು ಕೆಟ್ಟಿತು. ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ಬಂದರೆ ಹೊಟ್ಟೆ ಹಿಂಡುವ ನೋವು, ಮೂರು ದಿನ ಕೂರಲಾಗದೆ ಹೂವು ಗಿಡದಲ್ಲೇ ಅರಳಿ ಹೋಗುತ್ತಿತ್ತು. ಅರಳಿದ ಮಲ್ಲಿಗೆಯನ್ನು ಯಾರೂ ಕೊಳ್ಳುವುದಿಲ್ಲ. ಕೊನೆಗೆ ಸಾವಿತ್ರಿ ಬಲವಂತ ಮಾಡಿ ಹೊನ್ನಾವರದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಸ್ಕ್ಯಾನ್ ಮಾಡಿಸಿ, ಎರಡು ಹಾರ್ಮೋನು ಸೇರಿದ ಗುಳಿಗೆ ಬರೆದರು. ಇಪ್ಪತ್ತೊಂದು ದಿನ ತಿನ್ನಬೇಕು, ಏಳು ದಿನ ಬಿಡಬೇಕು. ಮೂರು ಸ್ಟ್ರಿಪ್ಪು, ಆಮೇಲೆ ಬಿ.ಪಿ. ನೋಡಿಸಿಕೊಂಡು ಬರಬೇಕು ಎಂದು ಚೀಟಿಯ ಕೆಳಗೆ ಸ್ಪಷ್ಟವಾಗಿತ್ತು. ಆ ಸಾಲನ್ನು ನಾನು ಓದಿದ್ದೇನೆ.

ಗುಳಿಗೆ ಅವಳಿಗೆ ಹಿಡಿಯಿತು. ಇದನ್ನು ಹೇಳಲೇಬೇಕು, ಔಷಧಿಯನ್ನು ದೂರುವುದು ಸುಲಭ. ನೋವು ಕಡಿಮೆಯಾಯಿತು, ರಕ್ತ ಹಿಡಿತಕ್ಕೆ ಬಂತು. "ಕ್ಯಾಲೆಂಡರ್ ನೋಡಿ ಬತ್ತದೆ ಈಗ, ಸರ್ಕಾರಿ ನೌಕ್ರಿ ಇದ್ದವರ ಹಾಗೆ" ಎಂದು ಅವಳು ನಗುತ್ತಿದ್ದಳು. ಮೂರು ಸ್ಟ್ರಿಪ್ಪು ಮುಗಿದಾಗ ಹೊನ್ನಾವರಕ್ಕೆ ಹೋಗಲಿಲ್ಲ. ಹೋದರೆ ಒಂದು ದಿನದ ಹೂವು ಹಾಳು. ಖಾಲಿ ಸ್ಟ್ರಿಪ್ಪನ್ನು ತಂದು ಕವುಚಿ ಇಟ್ಟಳು. ನಾನು ಮರೆಗೆ ಹೋಗಿ, ನಾಲ್ಕನೆಯದನ್ನು ಸುತ್ತಿ ತಂದೆ.

ಇಪ್ಪತ್ತೆಂಟು ದಿನದ ಸುತ್ತಾದ್ದರಿಂದ ಅವಳು ಬರುತ್ತಿದ್ದದ್ದು ಯಾವಾಗಲೂ ಮಂಗಳವಾರ, ನಾಲ್ಕು ವಾರಕ್ಕೊಮ್ಮೆ. ಬಂದಾಗ ಗಾಜಿನ ಮೇಲೆ ಎರಡು ಸ್ಟ್ರಿಪ್ಪು ಇಡುತ್ತಿದ್ದಳು. ತಲೆನೋವಿನದ್ದು ಮುಖ ಮೇಲೆ. ಹಾರ್ಮೋನಿನದ್ದು ಕವುಚಿ. ಗುಳಿಗೆ ಬಿಟ್ಟ ಆ ಏಳು ದಿನದಲ್ಲೇ ತಲೆನೋವು ಜೋರಾಗುತ್ತಿತ್ತು, ಅದಕ್ಕೇ ಎರಡೂ ಒಟ್ಟಿಗೆ ಖಾಲಿಯಾಗುತ್ತಿದ್ದವು. ಡಾಕ್ಟರಿಗೆ ಒಂದು ಸ್ಟ್ರಿಪ್ಪು ಮಾತ್ರ ಗೊತ್ತಿತ್ತು. ಗಂಡನಿಗೆ ಇನ್ನೊಂದು ಮಾತ್ರ ಗೊತ್ತಿತ್ತು. ಎರಡನ್ನೂ ಒಂದೇ ಗಾಜಿನ ಮೇಲೆ ಅಕ್ಕಪಕ್ಕ ಕಂಡವನು ನಾನೊಬ್ಬ. ಹತ್ತು ಸಲ ಕಂಡೆ.

ಆ ವರ್ಷ ಸುಮಯ್ಯಾ ಕೆಲಸಕ್ಕೆ ಸೇರಿದಳು. ಆಗ ಸಾಹೇಬರು ತೀರಿಕೊಂಡು ಅವರ ಮಗ ಅಂಗಡಿ ನೋಡಿಕೊಳ್ಳುತ್ತಿದ್ದರು, ನನ್ನ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಮನೆಯಲ್ಲಿ ಭಟ್ಕಳದ ಮುಸ್ಲಿಮರ ನವಾಯತಿ ಭಾಷೆ ಆಡುವ ಹುಡುಗಿ, ನಮ್ಮ ಕನ್ನಡವನ್ನು ನಮಗಿಂತ ಬೇಗ ಆಡುತ್ತಿದ್ದಳು. ಎಲ್ಲದಕ್ಕೂ ಪ್ರಶ್ನೆ. "ಬೇರೆ ಎಂತ ಗುಳಿಗೆ ತಗೊಳ್ತೀರಿ?" "ಬಿ.ಪಿ. ಯಾವಾಗ ನೋಡಿಸಿದ್ದು?" ಸ್ಟ್ರಿಪ್ಪು ಕತ್ತರಿಸಿ ಬಿಡಿ ಗುಳಿಗೆ ಕೊಡುವಾಗ ಹೆಸರೂ ತಾರೀಕೂ ಇರುವ ತುದಿಯನ್ನು ಗಿರಾಕಿಗೇ ಕೊಡುತ್ತಿದ್ದಳು. ನಾವು ಅದನ್ನು ಅಂಗಡಿಯಲ್ಲಿ ಉಳಿಸಿಕೊಳ್ಳುತ್ತಿದ್ದೆವು. ಅವಳು ಮಾಡುತ್ತಿದ್ದದ್ದೆಲ್ಲ ಸರಿ ಎಂದು ನನಗೆ ಗೊತ್ತಿತ್ತು, ಬಹುಶಃ ಅದಕ್ಕೇ ಕಿರಿಕಿರಿಯಾಗುತ್ತಿತ್ತು.

ಆ ಮಂಗಳವಾರ ನನ್ನ ಬದಲು ಅವಳು ಮಾದೇವಿಯ ಎದುರು ನಿಂತಿದ್ದಳು. ಕವುಚಿ ಇಟ್ಟ ಸ್ಟ್ರಿಪ್ಪನ್ನು ಎತ್ತಿ ಮರೆಗೆ ಹೋಗಲಿಲ್ಲ. ಅಲ್ಲೇ ತಿರುಗಿಸಿದಳು. ಎರಡನ್ನೂ ಒಟ್ಟಿಗೆ ಹಿಡಿದು ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಕ್ಕ, ತಲೆನೋವು ಬರೂ ಮೊದ್ಲು ಕಣ್ಣಿಗೆ ಎಂತಾದ್ರೂ ಆಗ್ತದಾ? ಮಿಂಚಿದ ಹಾಗೆ, ಗೆರೆ ಗೆರೆ ಕಂಡ ಹಾಗೆ?"

ಮಾದೇವಿ ಸುಮಯ್ಯಾಳನ್ನೇ ನೋಡಿದಳು. ಅವಳನ್ನು ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

"ಆಗ್ತದೆ ತಂಗಿ. ಕೆಲವು ಸಲ ಹೂಗು ಕಟ್ಟೂಕೆ ಕೂತ್ರೆ, ಅರ್ಧ ಹೂಗು..."

ಪಕ್ಕದಲ್ಲಿ ಇಬ್ಬರು ಗಂಡಸರು ಕಾಯುತ್ತಿದ್ದರು. ಅದರಲ್ಲೊಬ್ಬ ತಿರುಗಿ ನೋಡಿದ. ನಾನು ಪೆನ್ನು ಹಿಡಿದ ಕೈಯನ್ನೇ ಎತ್ತಿ ಹೇಳಿದೆ: "ಸುಮಯ್ಯಾ, ಕೌಂಟರಿನ ಮೇಲೆ ಅದೆಲ್ಲ ಕೇಳೂದಲ್ಲ. ನೀನು ಆಚೆ ಗಿರಾಕಿ ನೋಡು."

ಅವಳ ಮುಖ ಕೆಂಪಾಯಿತು. "ಸರ್, ಇದು ಕೇಳ್ಲೇಬೇಕು, ಇವ್ರಿಗೆ..."

"ನಾ ನೋಡ್ತೆ. ನೀ ಹೋಗು."

ಮಾದೇವಿ ಸೆರಗು ಸರಿಮಾಡಿಕೊಂಡು, "ಎಂತ ಇಲ್ಲ ಬಿಡಿ ನಾಯ್ಕರೆ, ಎಲ್ರಿಗೂ ಆಗೂದೇ" ಎಂದಳು. ನಾನು ಎರಡನ್ನೂ ಎತ್ತಿಕೊಂಡು ಮರೆಗೆ ಹೋಗಿ, ಹನ್ನೊಂದನೆಯ ಸ್ಟ್ರಿಪ್ಪನ್ನು ಕಾಗದದಲ್ಲಿ ಸುತ್ತಿದೆ. ನೋಡುತ್ತೇನೆ ಎಂದವನು ನೋಡಲಿಲ್ಲ. ಅವಳಿಗೆ ಕೊಟ್ಟೆ, ಅವಳು ಹೋದಳು, ಫ್ರಿಜ್ಜಿನ ಉಷ್ಣತೆ ಬರೆದೆ.

ಮುಂದಿನ ಸಲ, ಇಪ್ಪತ್ತೆಂಟನೆಯ ದಿನ, ಮಾದೇವಿ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಬಂದಳು. ಬಲಗೈಯಲ್ಲಿದ್ದ ಸ್ಟ್ರಿಪ್ಪನ್ನು ಗಾಜಿನ ಮೇಲೆ ಇಡಲು ಹೋದಳು, ಅದು ಕೆಳಗೆ ಬಿತ್ತು. ಬಗ್ಗಿ ಎಡಗೈಯಿಂದ ಹೆಕ್ಕಿದಳು. ಇನ್ನೊಮ್ಮೆ ಬಲಗೈಗೆ ತೆಗೆದುಕೊಂಡಳು, ಇನ್ನೊಮ್ಮೆ ಬಿತ್ತು. ನಾನು, "ಎಂತಾತು ಮಾದೇವಿ, ನಿದ್ರೆ ಆಗ್ಲಿಲ್ವಾ?" ಎಂದೆ. ಅವಳು ಏನೋ ಹೇಳಿದಳು, ಶಬ್ದಗಳಿದ್ದವು, ಮಾತಾಗಿರಲಿಲ್ಲ. ತಲೆನೋವು ಜಾಸ್ತಿಯಾಗಿರಬೇಕು ಎಂದುಕೊಂಡೆ. ಅಂದರೆ ಅಷ್ಟಾದ ಮೇಲೂ ಹಾಗೆಂದುಕೊಂಡೆ.

ಸುಮಯ್ಯಾ ಕೌಂಟರ್ ಸುತ್ತಿಕೊಂಡು ಓಡಿ ಬಂದಳು. ಮಾದೇವಿಯನ್ನು ಹಿಡಿದು ಮೆಟ್ಟಿಲ ಮೇಲೆ ಕೂರಿಸಿ, "ಅಕ್ಕ, ನಗಿ, ಒಂದ್ಸಲ ನಗಿ" ಎಂದಳು. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಸಾವಿತ್ರಿ ಬುಟ್ಟಿ ಬಿಟ್ಟು, "ಅತ್ತಿಗೆ, ಅತ್ತಿಗೆ" ಎಂದು ಕೂಗುತ್ತಿದ್ದಳು. ಅಂಬುಲೆನ್ಸು ಬಂದದ್ದು ಹನ್ನೊಂದೂ ಕಾಲಿಗೆ. ಉಡುಪಿ ಕಡೆಯ ಆಸ್ಪತ್ರೆಗೆ ಹೆದ್ದಾರಿಯಲ್ಲಿ ಎರಡು ಗಂಟೆ. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿತ್ತು. ಜೀವ ಉಳಿಯಿತು. ಬಲಗೈ ಮತ್ತು ಮಾತು ಹೋದವು.

ಅಲ್ಲಿ ನೋಡಿದಾಗ ಬಿ.ಪಿ. ಕೂಡ ಹೆಚ್ಚಿತ್ತಂತೆ. ಗುಳಿಗೆಯೊಂದರಿಂದಲೇ ಆಯಿತು ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಾರೆ. ಆದರೆ ತಲೆನೋವಿಗೆ ಮೊದಲು ಕಣ್ಣಿಗೆ ಮಿಂಚು, ಗೆರೆ, ಅರ್ಧ ದೃಷ್ಟಿ ಹೋಗುವುದು ಇದ್ದವರಿಗೆ ರಕ್ತ ಹೆಪ್ಪುಗಟ್ಟಿಸಬಲ್ಲ ಈಸ್ಟ್ರೋಜನ್ ಸೇರಿದ ಅಂಥ ಗುಳಿಗೆ ಕೊಡಬಾರದು, ಅದರಲ್ಲೂ ಆ ವಯಸ್ಸಿನಲ್ಲಿ, ಬಿ.ಪಿ. ಇದ್ದರೆ ಇನ್ನೂ ಕೊಡಬಾರದು. ಇದು ಗುಟ್ಟೇನಲ್ಲ. ಸ್ಟ್ರಿಪ್ಪಿನ ಪೆಟ್ಟಿಗೆಯೊಳಗೆ ಮಡಿಸಿ ಇಟ್ಟ ಕಾಗದದಲ್ಲೇ ಅಚ್ಚಾಗಿರುತ್ತದೆ. ಅದನ್ನು ನಾನು ಪ್ರತಿ ಸಲ ತೆಗೆದು ಕಸದ ಡಬ್ಬಿಗೆ ಹಾಕುತ್ತಿದ್ದೆ, ಸುತ್ತಿದ ಪೊಟ್ಟಣ ಸಣ್ಣದಾಗಲಿ ಎಂದು.

ಒಂದು ತಿಂಗಳ ನಂತರ ಹೊನ್ನಾವರದ ಆ ಡಾಕ್ಟರನ್ನು ಕಾಣಲು ಹೋದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ತಲೆನೋವು ಇದ್ಯಾ ಅಂತ ಕೇಳಿದ್ದೆ ನಾಯ್ಕರೆ. ಎಲ್ರಿಗೂ ಇದ್ದದ್ದೇ ಅಂದ್ರು. ಇನ್ನೊಂದು ಪ್ರಶ್ನೆ ಕೇಳ್ಲಿಲ್ಲ ನಾನು, ಹೊರಗೆ ನಲವತ್ತು ಜನ ಕಾಯ್ತಿದ್ರು. ಮೂರು ತಿಂಗಳಿಗೆ ಬಂದಿದ್ರೆ ಬಿ.ಪಿ. ಆದ್ರೂ ಸಿಗ್ತಿತ್ತು. ಅವರಿಗೆ ಬೇರೆ ದಾರಿ ಇತ್ತು. ಈಸ್ಟ್ರೋಜನ್ ಇಲ್ಲದ ಗುಳಿಗೆ ಇತ್ತು, ಗರ್ಭಕೋಶದೊಳಗೆ ಹಾಕೂ ಸಾಧನ ಇತ್ತು. ಯಾಕೆ ಬರ್ಲಿಲ್ಲ ಅವ್ರು?"

ನಾನು ಕೊಡುತ್ತಿದ್ದೆ, ಅದಕ್ಕೇ ಬರಲಿಲ್ಲ. ಇದನ್ನು ಅವರೆದುರೇ ಹೇಳಿದೆ. ಅವರು ಮೇಜಿನ ಮೇಲಿದ್ದ ಬಿ.ಪಿ. ಪಟ್ಟಿಯನ್ನು ಸುತ್ತಿಡುತ್ತಾ, "ಒಂದು ಫೋನ್ ಮಾಡ್ಬಹುದಿತ್ತು ನೀವು" ಎಂದರು. ಅಷ್ಟೇ.

ಉಳಿದ ಮೂರು ವರ್ಷ ಸುಮಯ್ಯಾ ಹೇಳಿದಂತೆ ಕೆಲಸ ಮಾಡಿದೆ. ಕಪಾಟಿನ ಮರೆಯಲ್ಲಿ ಒಂದು ಸ್ಟೂಲು, ಒಂದು ಪರದೆ. ಕವುಚಿ ಇಟ್ಟ ಸ್ಟ್ರಿಪ್ಪು ಕಂಡರೆ, ಇಟ್ಟವರನ್ನೇ ಅಲ್ಲಿಗೆ ಕರೆದು ಅವಳು ಕೇಳುತ್ತಿದ್ದಳು. ಕೆಲವರು ಎದ್ದು ಪಕ್ಕದ ಅಂಗಡಿಗೆ ಹೋದರು. ಕೆಲವರು ಅರ್ಧ ಗಂಟೆ ಕೂತು ಮಾತಾಡಿದರು, ಎದ್ದು ಬರುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮುರ್ಡೇಶ್ವರದ ಒಬ್ಬ ಹೋಟೆಲ್ ಕೆಲಸದ ಹೆಂಗಸು ತಿಂಗಳಲ್ಲಿ ಹದಿನೈದು ದಿನ ತಲೆನೋವಿನ ಗುಳಿಗೆ ನುಂಗುತ್ತಿದ್ದಳು. ಅಷ್ಟು ನುಂಗಿದರೆ ಗುಳಿಗೆಯೇ ತಲೆನೋವು ತರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಡಾಕ್ಟರ ಹತ್ತಿರ ಹೋಗಿ ನಿಧಾನವಾಗಿ ಬಿಟ್ಟಳು. ಇನ್ನೊಬ್ಬರಿಗೆ ಮೈ ಬಿಸಿಯೇರಿ ಬೆವರುವುದಕ್ಕೆ ಡಾಕ್ಟರು ಗುಳಿಗೆಯ ಬದಲು, ಅಪಾಯ ಕಡಿಮೆಯಿರುವ, ಚರ್ಮಕ್ಕೆ ಹಚ್ಚುವ ಹಾರ್ಮೋನು ಬರೆದುಕೊಟ್ಟರು. ಮೈಗ್ರೇನ್ ಇದೆ ಎಂದು ಸುಮಯ್ಯಾ ಮೊದಲೇ ಚೀಟಿಯ ಹಿಂದೆ ಬರೆದು ಕಳಿಸಿದ್ದಳು. ಇಂಥವು ನಡೆದಾಗ ಸಮಾಧಾನವಾಗಬೇಕಿತ್ತು. ಪ್ರತಿ ಸಲ ಅನ್ನಿಸುತ್ತಿದ್ದದ್ದು, ಇದು ಇಷ್ಟು ಸುಲಭವಿತ್ತು ಎಂದು.

ಈಗ ಸ್ಟ್ರಿಪ್ಪನ್ನು ಕವುಚಿ ಇಡುವವರು ಕಡಿಮೆ. ವಾಟ್ಸಾಪಿನಲ್ಲಿ ಫೋಟೋ ಬರುತ್ತದೆ, ಪೊಟ್ಟಣ ಮನೆಗೆ ಹೋಗುತ್ತದೆ. ನನಗೆ ಕನಿಷ್ಠ ಎರಡು ಸ್ಟ್ರಿಪ್ಪು ಅಕ್ಕಪಕ್ಕ ಕಂಡಿದ್ದವು. ನಿಮಗೆ ಒಂದೇ ಕಾಣುತ್ತದೆ. ಇನ್ನೊಂದು ಏನು ಎಂದು ನೀವೇ ಕೇಳಬೇಕು. ನಾಚಿಕೆ ಅವರಿಗಿಂತ ನಮಗೇ ಹೆಚ್ಚಿತ್ತು ಎಂಬುದು ನನಗೆ ತಡವಾಗಿ ತಿಳಿಯಿತು.

ಹೋದ ತಿಂಗಳು ಮುಟ್ಟಳ್ಳಿಗೆ ಹೋಗಿದ್ದೆ. ಮೊದಲೂ ಹೋಗಿದ್ದೇನೆ, ಹಣ್ಣು ಕೊಟ್ಟು, ಗಂಡನ ಜೊತೆ ಮಾತಾಡಿ ಬಂದಿದ್ದೇನೆ. ಈ ಸಲ ಅವಳೆದುರು ಕೂತೆ. ಅಂಗಳದಲ್ಲಿ ಸಾವಿತ್ರಿ ಹೂವು ಕಟ್ಟುತ್ತಿದ್ದಳು. ಮಾದೇವಿ ಎಡಗೈಯಿಂದ ಮೊಗ್ಗುಗಳನ್ನು ನಾಲ್ಕು ನಾಲ್ಕು ಜೋಡಿಸಿ ಅವಳ ಮುಂದೆ ಇಡುತ್ತಿದ್ದಳು. ಬಲಗೈ ಮಡಿಲಲ್ಲಿತ್ತು.

"ಮಾದೇವಿ, ಅಂದು ಸುಮಯ್ಯಾ ಕೇಳಿದ್ದಕ್ಕೆ ನೀ ಎಂತ ಹೇಳುಕೆ ಹೊರಟದ್ದು?" ಎಂದೆ.

ಅವಳು ಕೈಯಲ್ಲಿದ್ದ ಮೊಗ್ಗನ್ನು ಕೆಳಗಿಟ್ಟಳು. ಈಗ ಅವಳಿಗೆ ಒಂದೊಂದು ಮಾತನ್ನೂ ಹುಡುಕಿ ತರಬೇಕಾಗುತ್ತದೆ.

"ಈಗ... ಕೇಳುಕೆ... ಬಂದ್ರಾ?"

"ಹೌದು."

ಸಾವಿತ್ರಿ ನಾರು ಹಿಡಿದ ಕೈಯನ್ನು ನಿಲ್ಲಿಸಿದಳು. "ನೀವು ಅತ್ತಿಗೆ ಬಾಯಿ ಮುಚ್ಸಿದ್ದು ನಾ ಮೆಟ್ಲ ಮೇಲಿಂದ ನೋಡಿದ್ದೆ ನಾಯ್ಕರೆ. ಇಷ್ಟು ವರ್ಷ ಹೇಳ್ಲಿಲ್ಲ ಅಷ್ಟೇಯ" ಎಂದಳು.

ಮಾದೇವಿ ಒಂದು ಮೊಗ್ಗು ಎತ್ತಿ ತನ್ನ ಕಣ್ಣಿನೆದುರು ಹಿಡಿದಳು. "ಅರ್ಧ ಹೂಗು" ಎಂದಳು. ತುಟಿ ಬಿಗಿದು ಹುಡುಕಿದಳು. "ಕಾಣ್ತಿರ್ಲಿಲ್ಲ." ಆಮೇಲೆ ಮೊಗ್ಗನ್ನು ಸಾಲಿನಲ್ಲಿ ಇಟ್ಟು ಮುಂದಿನದನ್ನು ಎತ್ತಿಕೊಂಡಳು.

ಕಂಡದ್ದನ್ನು ಕಂಡಂತೆ ಬರೆದಿದ್ದೇನೆ. ಕಾಯುತ್ತಿದ್ದ ಇಬ್ಬರು ಗಂಡಸರು ಯಾರೆಂದು ನನಗೆ ಗೊತ್ತಿಲ್ಲ. ಅವರನ್ನು ಬಿಟ್ಟರೆ ಅಂದು ಆ ಅರ್ಧ ನಿಮಿಷವನ್ನು ಕಂಡವರು ಮೂವರಿದ್ದಾರೆ, ಮೂವರೂ ಬದುಕಿದ್ದಾರೆ. ಸುಮಯ್ಯಾ ಈಗ ಹೊನ್ನಾವರದಲ್ಲಿ ಸ್ವಂತ ಮೆಡಿಕಲ್ ಇಟ್ಟಿದ್ದಾಳೆ. ಸಾವಿತ್ರಿ ಈಗಲೂ ಹತ್ತೂವರೆಯ ಬಸ್ಸಿಗೆ ಹೂವಿನ ಬುಟ್ಟಿ ತರುತ್ತಾಳೆ. ಮಾದೇವಿ ಮುಟ್ಟಳ್ಳಿಯ ಮನೆಯಲ್ಲಿದ್ದಾಳೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವರನ್ನು ಕೇಳಬಹುದು. ಮಾದೇವಿಗೆ ಹೇಳಿ ಮುಗಿಸಲು ಹೊತ್ತು ಬೇಕಾಗುತ್ತದೆ. ನಡುವೆ ಮಾತಾಡದೆ ಕಾಯಬೇಕು.